ಎರಡನೇ ಸಲ ಕೇಳಲು ಒಂದು ನೆಪ

(ಸಂಗೀತಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಸಂಗೀತ ಕೇಳಿಸಿದ ಕಡೆ ಆವರಣದಲ್ಲಿ ಹೇಳಿದ್ದೇನೆ.)

ಮಾತು ಶುರು ಮಾಡುವ ಮೊದಲು ಏನೋ ಒಂದನ್ನು ಕೇಳಿಸುತ್ತೇನೆ. ಯಾರದು, ಎಲ್ಲಿಯದು ಅಂತ ಈಗ ಹೇಳುವುದಿಲ್ಲ. ಸುಮ್ಮನೆ ಕೇಳಿ. ದಯವಿಟ್ಟು ಫೋನ್ ತೆಗೆದು ಹಾಡು ಪತ್ತೆ ಹಚ್ಚುವ ಆಪ್ ಒತ್ತಬೇಡಿ. ಅದು ಹತ್ತು ಸೆಕೆಂಡಿನಲ್ಲಿ ಎಲ್ಲ ಹೇಳಿಬಿಡುತ್ತದೆ, ನನ್ನ ಅರ್ಧ ಭಾಷಣ ನೀರುಪಾಲಾಗುತ್ತದೆ.

(ಸುಮಾರು ಎರಡು ನಿಮಿಷದ ಸಂಗೀತ.)

ಸರಿ, ನಿಲ್ಲಿಸಿದೆ. ಈಗ ನಿಜ ಹೇಳಿ. ನೀವು ಒಬ್ಬರೇ ಕೂತು ಬೇರೇನೋ ಕೆಲಸ ಮಾಡುತ್ತಿರುವಾಗ ಇದು ಪ್ಲೇಲಿಸ್ಟಿನ ನಡುವೆ ತಾನಾಗಿ ಬಂದಿದ್ದರೆ ಎಷ್ಟು ಜನ ಕೊನೆಯವರೆಗೂ ಬಿಡುತ್ತಿದ್ದಿರಿ? ಕೈ ಎತ್ತಿ. ಏಳೆಂಟು ಕೈ ಕಾಣುತ್ತಿವೆ. ಮುಂದಿನ ಸಾಲಿನಲ್ಲಿ ಒಬ್ಬರು ಅರ್ಧ ಎತ್ತಿ ಮತ್ತೆ ಇಳಿಸಿದರು. ಈ ಸಭೆಯಲ್ಲಿ ಅವರೇ ಹೆಚ್ಚು ಪ್ರಾಮಾಣಿಕರು ಅನಿಸುತ್ತದೆ.

ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರ ಕಥೆಯೂ ಅದೇ. 2014ರಲ್ಲಿ ಪಾಲ್ ಲ್ಯಾಮೇರ್ ಎಂಬ ತಂತ್ರಜ್ಞರು ಸ್ಪಾಟಿಫೈ ಕೇಳುಗರು ಹಾಡನ್ನು ಎಲ್ಲಿ ಕೈಬಿಡುತ್ತಾರೆ ಎಂದು ಲೆಕ್ಕ ಹಾಕಿ ತೋರಿಸಿದರು. ಹಾಡು ಶುರುವಾದ 5 ಸೆಕೆಂಡಿನೊಳಗೆ 100ರಲ್ಲಿ 24 ಸಲ ಜನ ಮುಂದಿನ ಹಾಡಿಗೆ ಹಾರಿರುತ್ತಾರೆ. 30 ಸೆಕೆಂಡ್ ಆಗುವಷ್ಟರಲ್ಲಿ ಅದು 35. ಹೆಚ್ಚುಕಡಿಮೆ ಅರ್ಧದಷ್ಟು ಸಲ ಹಾಡು ತನ್ನ ಕೊನೆಯನ್ನೇ ಕಾಣುವುದಿಲ್ಲ. ಐದು ಸೆಕೆಂಡ್ ಎಂದರೆ ಎಷ್ಟು ಅಂತ ಒಮ್ಮೆ ಎಣಿಸಿ ನೋಡಿ. ಹಾಡುಗಾರ ಉಸಿರು ಎಳೆದುಕೊಳ್ಳುವಷ್ಟರಲ್ಲಿ ತೀರ್ಪು ಬಂದುಬಿಟ್ಟಿರುತ್ತದೆ.

ಹಾಡು ಕಟ್ಟುವವರಿಗೂ ಇದು ಗೊತ್ತಾಗಿದೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 1986ರಿಂದ 2015ರವರೆಗೆ ಅಮೆರಿಕದಲ್ಲಿ ಪಟ್ಟಿಯ ಮೇಲ್ತುದಿಗೇರಿದ ಹಾಡುಗಳನ್ನು ಅಳೆದು ನೋಡಿದ್ದಾರೆ. ಎಂಬತ್ತರ ದಶಕದಲ್ಲಿ ದನಿ ಕೇಳಿಸುವ ಮೊದಲು ಸರಾಸರಿ 20 ಸೆಕೆಂಡಿಗೂ ಹೆಚ್ಚು ಬರೀ ವಾದ್ಯ ಇರುತ್ತಿತ್ತು. 2015ರ ಹೊತ್ತಿಗೆ ಅದು 5 ಸೆಕೆಂಡಿಗೆ ಇಳಿದಿದೆ. ಬಾಗಿಲು ತೆರೆದ ಕೂಡಲೇ ಅತಿಥಿ ನೇರ ಅಡುಗೆಮನೆಗೆ ನುಗ್ಗಿದ ಹಾಗೆ. ನುಗ್ಗದೆ ಇನ್ನೇನು ಮಾಡಿಯಾನು, ಹೊಸಿಲಲ್ಲಿ ನಿಂತರೆ ನಾವು ಬಾಗಿಲು ಹಾಕಿಬಿಡುತ್ತೇವಲ್ಲ!

ಇವತ್ತಿನ ವಿಷಯ, ಇಂಟರ್‌ನೆಟ್ ಕಾಲದಲ್ಲಿ ಹೊಸ ಸಂಗೀತವನ್ನು ಕಂಡುಕೊಳ್ಳುವುದು ಹೇಗೆ ಅಂತ. ಆಯೋಜಕರು ಈ ವಿಷಯ ಕೊಟ್ಟಾಗ ಅವರ ಮನಸ್ಸಿನಲ್ಲಿ ಇದ್ದದ್ದು ಪ್ರಾಯಶಃ ಯಾವ ಆಪ್ ಒಳ್ಳೆಯದು, ಎಲ್ಲಿ ಹುಡುಕಬೇಕು ಎಂಬ ಮಾತು. ಅದನ್ನೂ ಸ್ವಲ್ಪ ಹೇಳುತ್ತೇನೆ. ಆದರೆ ಹೊಸ ಹಾಡು ಸಿಗುವುದಕ್ಕೆ ಈಗ ಕಷ್ಟವೇ ಇಲ್ಲ. ಸಿಕ್ಕಿದ ಹಾಡನ್ನು ಎರಡನೇ ಸಲ ಕೇಳುವುದಕ್ಕೆ ನಮಗೊಂದು ನೆಪ ಸಿಗುತ್ತಿಲ್ಲ. ನನ್ನ ದೂರು ಇಷ್ಟೇ, ಇನ್ನುಳಿದದ್ದೆಲ್ಲ ಇದರ ಸುತ್ತ ಗಿರಕಿ ಹೊಡೆಯುವ ಮಾತು.

ಮೊದಲು ಆ ನೆಪ ಎಲ್ಲಿಂದ ಬರುತ್ತಿತ್ತು? ದುಡ್ಡಿನಿಂದ ಬರುತ್ತಿತ್ತು. ಕೂಡಿಟ್ಟ ಹಣದಲ್ಲಿ ಒಂದು ಕ್ಯಾಸೆಟ್ ತಂದಿದ್ದೀರಿ. ಮೊದಲ ಸಲ ಹಾಕಿದಾಗ ನಿರಾಸೆ. ಆದರೆ ದುಡ್ಡು ಕೊಟ್ಟ ತಪ್ಪಿಗೆ ಇನ್ನೊಮ್ಮೆ ಹಾಕುತ್ತೀರಿ. ಬೇರೆ ಕ್ಯಾಸೆಟ್ಟೂ ಇಲ್ಲ, ಮತ್ತೊಮ್ಮೆ ಹಾಕುತ್ತೀರಿ. ನಾಲ್ಕನೇ ಸಲಕ್ಕೆ ಎರಡನೇ ಬದಿಯ ಮೂರನೇ ಹಾಡು ಬಾಯಿಗೆ ಬರತೊಡಗುತ್ತದೆ. ಆರನೇ ಸಲಕ್ಕೆ ಅದು ನಿಮ್ಮ ಹಾಡು. ಇದರಲ್ಲಿ ಅಭಿರುಚಿಯ ಹೆಚ್ಚುಗಾರಿಕೆ ಏನೂ ಇಲ್ಲ. ಬಡತನವೇ ನಮ್ಮನ್ನು ಒಳ್ಳೆಯ ಕೇಳುಗರನ್ನಾಗಿ ಮಾಡಿತ್ತು. ಹಳೆಯ ಕಾಲವನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆಗ ಅಂಗಡಿಯವನು ತರಿಸದ ಸಂಗೀತ ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಪ್ರಪಂಚದ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಸಂಗೀತ ಹುಟ್ಟಿ, ಬೆಳೆದು, ಸತ್ತು ಹೋದರೂ ನಮಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಆ ಕಾಲಕ್ಕೆ ವಾಪಸ್ ಹೋಗು ಎಂದರೆ ನಾನಂತೂ ಹೋಗುವವನಲ್ಲ.

ಇನ್ನೊಂದು ನೆಪ ರೇಡಿಯೋದವರ ದನಿ. ಬಿಬಿಸಿ ರೇಡಿಯೋ 1ರಲ್ಲಿ ಜಾನ್ ಪೀಲ್ ಎಂಬವರು 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಯಾರೂ ಕೇಳರಿಯದ ತಂಡಗಳನ್ನು ಕೇಳಿಸುತ್ತಲೇ ಇದ್ದರು. ಕೆಲವೊಮ್ಮೆ ರೆಕಾರ್ಡನ್ನು ತಪ್ಪು ವೇಗದಲ್ಲಿ ಹಾಕಿಬಿಡುತ್ತಿದ್ದರು. ಮೆಚ್ಚಿದರೆ ಬಿಡುತ್ತಿರಲಿಲ್ಲ. 'ದಿ ಫಾಲ್' ಎಂಬ ಒರಟು ತಂಡವೊಂದು ಅವರ ಕಾರ್ಯಕ್ರಮಕ್ಕಾಗಿ 24 ಸಲ ಸ್ಟುಡಿಯೋದಲ್ಲಿ ನುಡಿಸಿದೆ. ಮೊದಲ ಸಲಕ್ಕೆ ಇಷ್ಟವಾಗುವ ತಂಡವಲ್ಲ ಅದು. ಆದರೆ ನಂಬಿಕೆಯ ದನಿಯೊಂದು 'ಇದರಲ್ಲಿ ಏನೋ ಇದೆ' ಅಂತ ವರ್ಷಗಟ್ಟಲೆ ಹೇಳುತ್ತಿದ್ದರೆ, ನೋಡೋಣ ಅಂತ ಕಿವಿ ಮತ್ತೊಮ್ಮೆ ಆ ಕಡೆ ತಿರುಗುತ್ತದೆ.

ಆಮೇಲಿನ ಇತಿಹಾಸ ನಿಮಗೆಲ್ಲ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಹಾಡನ್ನು ಹಿಂಡಿ ಚಿಕ್ಕದು ಮಾಡಿದರು. 1995ರಲ್ಲಿ ಅದಕ್ಕೆ ಎಂಪಿ3 ಎಂಬ ಬಾಲ ಅಂಟಿತು. 1999ರಲ್ಲಿ ನ್ಯಾಪ್‌ಸ್ಟರ್ ಬಂದು, ಅವರಿವರ ಕಂಪ್ಯೂಟರಿನಲ್ಲಿದ್ದ ಹಾಡುಗಳೆಲ್ಲ ಊರೊಟ್ಟಿನ ಆಸ್ತಿಯಾದವು. 2001ರಲ್ಲಿ ಕೋರ್ಟು ಅದನ್ನು ಮುಚ್ಚಿಸಿತು. 2003ರಲ್ಲಿ ಐಟ್ಯೂನ್ಸ್ ಅಂಗಡಿ, 2005ರಲ್ಲಿ ಯೂಟ್ಯೂಬ್, 2008ರಲ್ಲಿ ಸ್ಪಾಟಿಫೈ. ಹತ್ತು ವರ್ಷದಲ್ಲಿ ಕೆರೆಯ ಕೋಡಿ ಒಡೆಯಿತು.

ಎಷ್ಟು ನೀರು ಬಂತು ನೋಡಿ. ಸಂಗೀತದ ಲೆಕ್ಕ ಇಡುವ ಲುಮಿನೇಟ್ ಕಂಪನಿ 2023ರ ಕೊನೆಗೆ ಕೊಟ್ಟ ಅಂಕಿ ಹೀಗಿದೆ. ಸ್ಟ್ರೀಮಿಂಗ್‌ನಲ್ಲಿ ಅವರ ಎಣಿಕೆಗೆ ಸಿಕ್ಕ ಧ್ವನಿಮುದ್ರಣಗಳು 18 ಕೋಟಿ 40 ಲಕ್ಷ. ಅದರಲ್ಲಿ 15 ಕೋಟಿ 86 ಲಕ್ಷವನ್ನು ಇಡೀ ವರ್ಷದಲ್ಲಿ ಕೇಳಿದ್ದು ಸಾವಿರ ಸಲ ಅಥವಾ ಅದಕ್ಕಿಂತ ಕಡಿಮೆ. 4 ಕೋಟಿ 56 ಲಕ್ಷವನ್ನು ಒಂದೇ ಒಂದು ಸಲವೂ ಯಾರೂ ಕೇಳಿಲ್ಲ. ಹಾಡಿದವನ ಅಮ್ಮ ಕೂಡ ಕೇಳಿಲ್ಲ! ಯಾರಿಗೂ ಕೇಳಿಸದ ಆ ನಾಲ್ಕೂವರೆ ಕೋಟಿಯನ್ನು ನೆನೆದರೆ ನನಗೆ ಒಮ್ಮೊಮ್ಮೆ ರಾತ್ರಿ ಸಂಕಟವಾಗುತ್ತದೆ. ಬೆಳಗಾದ ಮೇಲೆ, ಅದರಲ್ಲಿ ಬಹುಪಾಲು ನಿದ್ದೆ ಬರಿಸುವ ಗುಂಯ್ ಸದ್ದೇ ಇರಬೇಕು ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ಈ ಪ್ರವಾಹದಲ್ಲಿ ನಮಗೆ ಬೇಕಾದ್ದನ್ನು ಹೆಕ್ಕಿ ಕೊಡುವ ಯಂತ್ರ ಹೇಗೆ ಕೆಲಸ ಮಾಡುತ್ತದೆ? ಆಲ್ಗಾರಿದಮ್ ಅಂದ ಕೂಡಲೇ ಮಾಟಮಂತ್ರದ ಹಾಗೆ ಮಾತಾಡುತ್ತೇವೆ, ಒಳಗಿನ ವಿಚಾರ ಸರಳ. 1994ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಉಪೇಂದ್ರ ಶಾರ್ದಾನಂದ್ ಎಂಬ ವಿದ್ಯಾರ್ಥಿ ಮತ್ತು ಅವರ ಗುರು ಪ್ಯಾಟಿ ಮೇಸ್ 'ರಿಂಗೋ' ಎಂಬ ವ್ಯವಸ್ಥೆ ಕಟ್ಟಿದರು. ಅದು ಓಡುತ್ತಿದ್ದದ್ದು ಇಮೇಲ್‌ನಲ್ಲಿ. ನಿಮಗೆ ಗೊತ್ತಿರುವ ಕಲಾವಿದರಿಗೆ 1ರಿಂದ 7ರವರೆಗೆ ಅಂಕ ಕೊಟ್ಟು ಕಳಿಸಬೇಕು. ರಿಂಗೋ ನಿಮ್ಮ ಹಾಗೇ ಅಂಕ ಕೊಟ್ಟ ಬೇರೆಯವರನ್ನು ಹುಡುಕುತ್ತದೆ. ಅವರಿಗೆ ಇಷ್ಟವಾಗಿ, ನೀವಿನ್ನೂ ಕೇಳಿರದ ಕಲಾವಿದರ ಹೆಸರನ್ನು ನಿಮಗೆ ಬರೆಯುತ್ತದೆ. ಬಾಯಿಂದ ಬಾಯಿಗೆ ಹರಡುವ ಮಾತನ್ನೇ ಯಂತ್ರಕ್ಕೆ ಒಪ್ಪಿಸಿದ್ದೇವೆ ಅಂತ ಅವರೇ ಹೇಳಿಕೊಂಡಿದ್ದರು. ಇವತ್ತಿನ ಶಿಫಾರಸುಗಳ ಬುಡದಲ್ಲಿ ಈಗಲೂ ಇರುವುದು ಇದೇ ಲೆಕ್ಕ. ಅಂಕ ಮಾತ್ರ ನಾವಾಗಿ ಕೊಡಬೇಕಿಲ್ಲ. ಪೂರ್ತಿ ಕೇಳಿದರೆ, ಉಳಿಸಿಕೊಂಡರೆ, ಹಾರಿಸಿದರೆ, ಎಲ್ಲವೂ ಅಂಕವೇ.

ಇದಕ್ಕೆ ಆಮೇಲೆ ಬೇರೆ ಕಿವಿಗಳೂ ಸೇರಿದವು. ಪಂಡೋರಾ ಕಂಪನಿ ಸಂಗೀತ ಬಲ್ಲವರನ್ನು ಕೂರಿಸಿ, ಒಂದೊಂದು ಹಾಡನ್ನೂ ಕೇಳಿಸಿ, ಲಯ ಹೇಗಿದೆ, ದನಿ ಗಡುಸೋ ಮೆದುವೋ ಎಂದು ನೂರಾರು ಗುಣಗಳನ್ನು ಗುರುತು ಹಾಕಿಸಿತು. ಎಂಐಟಿಯಲ್ಲೇ ಹುಟ್ಟಿದ ಎಕೋ ನೆಸ್ಟ್ ಎಂಬ ಕಂಪನಿ ಆ ಕೆಲಸವನ್ನೂ ಕಂಪ್ಯೂಟರಿಗೇ ಕಲಿಸಿತು; ಹಾಡಿನ ಬಗ್ಗೆ ಜನ ಇಂಟರ್‌ನೆಟ್‌ನಲ್ಲಿ ಬರೆದದ್ದನ್ನೂ ಅದಕ್ಕೆ ಓದಿಸಿತು. 2014ರಲ್ಲಿ ಸ್ಪಾಟಿಫೈ ಅದನ್ನು ಕೊಂಡಿತು. ಮರುವರ್ಷ, 2015ರ ಜುಲೈನಲ್ಲಿ, ಪ್ರತಿ ಸೋಮವಾರ ನಿಮಗೆಂದೇ 30 ಹಾಡಿನ ಪಟ್ಟಿ ಬರತೊಡಗಿತು.

ಈ ಯಂತ್ರವನ್ನು ಬಯ್ಯುವುದು ಈಗಿನ ಫ್ಯಾಷನ್. ನಾನು ಬಯ್ಯುವುದಿಲ್ಲ. ಅದು ನನಗೆ ಕೊಟ್ಟ ಕೆಲವು ಹಾಡುಗಳಿಗಾಗಿ ಋಣಿಯಾಗಿದ್ದೇನೆ. ಆದರೆ ಅದು ನೆಂಟರನ್ನು ಹುಡುಕುವ ಯಂತ್ರ. ನಿಮಗೆ ಒಬ್ಬರು ಇಷ್ಟವಾದರೆ ಅವರ ಚಿಕ್ಕಪ್ಪನ ಮಗ, ಸೋದರತ್ತೆಯ ಮಗಳು ಅಂತ ಸಾಲಾಗಿ ಕರೆತರುತ್ತದೆ. ಮುಖಚಹರೆ ಒಂದೇ. ಯಾರ ನೆಂಟನೂ ಅಲ್ಲದ ಅಪರಿಚಿತನನ್ನು ಅದು ಕರೆತರುವುದು ಅಪರೂಪ. ತಂದರೂ ಪರಿಚಯ ಮಾಡಿಸುವುದಿಲ್ಲ, ಬಾಗಿಲ ಬಳಿ ಬಿಟ್ಟು ಹೊರಟುಹೋಗುತ್ತದೆ.

ಅದರ ಮುಗ್ಧತೆಗೆ ನನ್ನದೇ ಒಂದು ಉದಾಹರಣೆ. ಮನೆಗೆ ಬಂದ ಪುಟ್ಟ ಮಗುವೊಂದು ಮಲಗದೆ ರಚ್ಚೆ ಹಿಡಿದಿತ್ತು. ನನ್ನ ಫೋನಿನಲ್ಲಿ ಮಳೆಯ ಸದ್ದು ಹಾಕಿದೆವು. ಮಗು ಮಲಗಿತು, ನಾವೂ ಮಲಗಿದೆವು, ಮಳೆ ಬೆಳಗಿನವರೆಗೆ ಸುರಿಯಿತು. ಮೂರು ರಾತ್ರಿ ಹೀಗಾಯಿತು. ಆ ಮೇಲೆ ಎರಡು ತಿಂಗಳು ನನ್ನ ಶಿಫಾರಸುಗಳಲ್ಲಿ ಮಳೆ ನಿಲ್ಲಲಿಲ್ಲ. ತಗಡಿನ ಮೇಲಿನ ಮಳೆ, ಕಾಡಿನ ಮಳೆ, ಗುಡುಗಿಲ್ಲದ ಮಳೆ. ನನ್ನಷ್ಟು ತಾಳ್ಮೆಯಿಂದ ಎಂಟು ಗಂಟೆ ಒಂದೇ ಹಾಡು ಕೇಳುವ ರಸಿಕ ಆ ಯಂತ್ರಕ್ಕೆ ಬೇರೆ ಸಿಕ್ಕಿರಲಿಕ್ಕಿಲ್ಲ.

ಸೋಮವಾರದ ಪಟ್ಟಿಯ ಮೇಲೆ ಒಮ್ಮೆ ನಾನೇ ಪರೀಕ್ಷೆ ಮಾಡಿ ನೋಡಿದೆ. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ ಮೂವತ್ತೂ ಹಾಡು ಕೇಳಿದೆ. ಚೆನ್ನಾಗಿದ್ದವು. ಮಂಗಳವಾರ ಬೆಳಿಗ್ಗೆ ಕಾಗದ ತೆಗೆದುಕೊಂಡು ನೆನಪಿರುವ ಹಾಡುಗಳ ಹೆಸರು ಬರೆಯಲು ಕೂತೆ. ಒಂದೂ ಬರಲಿಲ್ಲ. ಗುನುಗಲು ಒಂದು ತುಣುಕೂ ಇಲ್ಲ. ಒಂದು ಹಾಡಿನ ಮುಖಪುಟದ ಚಿತ್ರದಲ್ಲಿ ಹಳದಿ ಕುರ್ಚಿ ಇತ್ತು ಎಂಬುದಷ್ಟೇ ನೆನಪು. ಎರಡು ಗಂಟೆ ಸಂಗೀತ ಕೇಳಿ ನಾನು ಉಳಿಸಿಕೊಂಡದ್ದು ಒಂದು ಕುರ್ಚಿ.

ಇದು ಮರೆವಿನ ರೋಗವಲ್ಲ, ಮನಸ್ಸು ಇರುವುದೇ ಹೀಗೆ. 1968ರಲ್ಲಿ ಮನಃಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ ಒಂದು ಪ್ರಯೋಗ ಮಾಡಿದರು. ಜನರಿಗೆ ಅರ್ಥವಿಲ್ಲದ ಪದಗಳನ್ನೂ, ಚೀನೀ ಲಿಪಿಯಂತೆ ಕಾಣುವ ಗುರುತುಗಳನ್ನೂ ತೋರಿಸಿದರು. ಕೆಲವನ್ನು ಒಂದೇ ಸಲ, ಕೆಲವನ್ನು 25 ಸಲದವರೆಗೆ. ಆಮೇಲೆ 'ಇದರ ಅರ್ಥ ಒಳ್ಳೆಯದಿರಬಹುದೋ ಕೆಟ್ಟದ್ದಿರಬಹುದೋ' ಎಂದು ಕೇಳಿದರೆ, ಹೆಚ್ಚು ಸಲ ಕಂಡದ್ದಕ್ಕೇ ಜನ ಒಳ್ಳೆಯ ಅರ್ಥ ಹಚ್ಚಿದರು. ಪರಿಚಯವೇ ಪ್ರೀತಿಯ ಅರ್ಧ. ಸಂಗೀತದಲ್ಲಿ ಇದು ಇನ್ನೂ ಗಟ್ಟಿ, ಯಾಕೆಂದರೆ ಮುಂದೆ ಏನು ಬರುತ್ತದೆ ಎಂಬ ನಿರೀಕ್ಷೆಯಲ್ಲೇ ಸಂಗೀತದ ಸುಖ ಇರುವುದು. ಮೊದಲ ಸಲ ಕೇಳುವಾಗ ನಿರೀಕ್ಷೆ ಮಾಡಲು ಏನೂ ಇಲ್ಲ, ಕತ್ತಲಲ್ಲಿ ಮೆಟ್ಟಿಲಿಳಿದಂತೆ. ಎರಡನೇ ಸಲಕ್ಕೆ ತಿರುವು ಎಲ್ಲಿದೆ ಎಂದು ಕಾಲಿಗೆ ಗೊತ್ತಿರುತ್ತದೆ. ಮೂರನೇ ಸಲ ಆ ತಿರುವಿಗಾಗಿಯೇ ಹೋಗುತ್ತೇವೆ.

ಹಾಗಾದರೆ ಒಳ್ಳೆಯ ಹಾಡು ತಾನಾಗಿ ಗೆಲ್ಲುವುದಿಲ್ಲವೇ ಎಂದು ಕೇಳಬಹುದು. ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ಸಮಾಜ ವಿಜ್ಞಾನಿಗಳು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡು ತೆಗೆದುಕೊಂಡು ಒಂದು ಆನ್‌ಲೈನ್ ಸಂಗೀತದ ಅಂಗಡಿ ತೆರೆದರು. 14 ಸಾವಿರಕ್ಕೂ ಹೆಚ್ಚು ಜನ ಬಂದರು. ಹಾಡು ಕೇಳಬಹುದು, ಅಂಕ ಕೊಡಬಹುದು, ಬೇಕೆನಿಸಿದರೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಬಂದವರಿಗೆ ಗೊತ್ತಾಗದ ಹಾಗೆ ಅವರನ್ನು ಬೇರೆ ಬೇರೆ ಕೋಣೆಗಳಿಗೆ ಹಂಚಿದ್ದರು. ಒಂದು ಗುಂಪಿಗೆ ಬರೀ ಹಾಡಿನ ಹೆಸರು, ತಂಡದ ಹೆಸರು ಮಾತ್ರ ಕಾಣುತ್ತದೆ. ಇನ್ನುಳಿದ ಎಂಟು ಗುಂಪುಗಳಿಗೆ ತಮ್ಮ ಗುಂಪಿನಲ್ಲಿ ಎಷ್ಟು ಜನ ಯಾವ ಹಾಡು ತೆಗೆದುಕೊಂಡರು ಎಂಬುದೂ ಕಾಣುತ್ತದೆ. ಎಂಟೂ ಗುಂಪು ಸೊನ್ನೆಯಿಂದಲೇ ಶುರು. ಒಂದರ ಲೆಕ್ಕ ಇನ್ನೊಂದಕ್ಕೆ ಕಾಣುವುದಿಲ್ಲ. ಎಂಟು ಬೇರೆ ಬೇರೆ ಪ್ರಪಂಚ ಅಂದುಕೊಳ್ಳಿ.

ಏನಾಯಿತು? ಎಂಟು ಪ್ರಪಂಚದಲ್ಲಿ ಎಂಟು ರೀತಿಯ ಪಟ್ಟಿ ಬಂತು. ಲೆಕ್ಕ ಕಾಣದ ಗುಂಪಿನಲ್ಲಿ 26ನೇ ಸ್ಥಾನದಲ್ಲಿದ್ದ, ಅಂದರೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಒಂದು ಹಾಡು, ಒಂದು ಪ್ರಪಂಚದಲ್ಲಿ 1ನೇ ಸ್ಥಾನಕ್ಕೇರಿತು. ಇನ್ನೊಂದರಲ್ಲಿ 40ಕ್ಕೆ ಬಿತ್ತು. ಹಾಡು ಅದೇ, ರಾಗ ಅದೇ. ಮೊದಲು ಬಂದ ನಾಲ್ಕು ಜನ ಯಾವುದನ್ನು ಒತ್ತಿದರು ಎಂಬ ಆಕಸ್ಮಿಕವೇ ಬೆಳೆಯುತ್ತಾ ಹೋಗಿ ಬೆಟ್ಟವಾಗಿತ್ತು. ತೀರಾ ಒಳ್ಳೆಯ ಹಾಡು ತೀರಾ ಕೆಳಗೆ ಬಿದ್ದದ್ದು ಅಪರೂಪ, ತೀರಾ ಕೆಟ್ಟದ್ದು ಮೇಲೇರಿದ್ದೂ ಅಪರೂಪ. ನಡುವಿನದಕ್ಕೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. ಹಾಡುಗಳಲ್ಲಿ ಹೆಚ್ಚಿನವು ಈ ನಡುವಿನವೇ ತಾನೆ?

'ಎಷ್ಟು ಜನ ಕೇಳಿದ್ದಾರೆ' ಎಂಬ ಅಂಕಿ ಆ ಜನಕ್ಕೆ ಕೊಟ್ಟದ್ದೂ ಒಂದು ನೆಪವೇ. ಇಷ್ಟು ಜನ ತೆಗೆದುಕೊಂಡಿದ್ದಾರೆ ಎಂದರೆ ಒಮ್ಮೆ ನೋಡೋಣ. ಅದು ಸೋಮಾರಿ ನೆಪ, ಆದರೂ ನೆಪ. ನಮ್ಮ ಪರದೆಗಳ ಮೇಲೆ ಹೆಚ್ಚಾಗಿ ಕಾಣುವುದು ಅದೊಂದೇ.

ಯಂತ್ರವೇ ನೆಪ ಒದಗಿಸಿದ ಪ್ರಸಂಗವೂ ಉಂಟು, ಅನ್ಯಾಯವಾಗಿ ಮಾತಾಡಬಾರದು. ಜಪಾನಿನ ಮರಿಯಾ ತಕೆಯುಚಿ 1984ರಲ್ಲಿ 'ಪ್ಲಾಸ್ಟಿಕ್ ಲವ್' ಎಂಬ ಹಾಡು ಹಾಡಿದರು. ಆಗ ಜಪಾನಿನ ಹೊರಗೆ ಅದನ್ನು ಕೇಳಿದವರು ಬೆರಳೆಣಿಕೆಯಷ್ಟು. 2017ರಲ್ಲಿ ಯಾರೋ ಅಭಿಮಾನಿ ಅದನ್ನು ಯೂಟ್ಯೂಬಿಗೆ ಹಾಕಿದರು. ಕಪ್ಪುಬಿಳುಪಿನಲ್ಲಿ ನಗುತ್ತಿರುವ ಆಕೆಯ ಮುಖ, ಅಷ್ಟೇ ಚಿತ್ರ. ಯೂಟ್ಯೂಬ್ ಅದನ್ನು ಯಾರು ಏನು ನೋಡುತ್ತಿದ್ದರೂ ಪಕ್ಕದಲ್ಲಿ ತಂದು ನಿಲ್ಲಿಸತೊಡಗಿತು. ಒಂದು ಸಲ ಉಪೇಕ್ಷೆ ಮಾಡಿದರೆ ನಾಳೆ ಮತ್ತೆ ಅದೇ ನಗು. ಕೊನೆಗೆ ಕುತೂಹಲ ತಡೆಯದೆ ಒತ್ತಿದರು, ಕೋಟಿಗಟ್ಟಲೆ ಜನ. ಅದು ಗೆದ್ದದ್ದು ಒಳ್ಳೆಯ ಶಿಫಾರಸು ಆಗಿದ್ದಕ್ಕೋ, ಪಟ್ಟು ಬಿಡದೆ ಬಾಗಿಲು ತಟ್ಟಿದ್ದಕ್ಕೋ? ನನ್ನ ಮತ ತಟ್ಟಿದ್ದಕ್ಕೆ.

ಈಗ ನನಗೆ ಸಿಕ್ಕಿದ ಒಂದು ನೆಪದ ಕಥೆ. ನನಗೊಬ್ಬ ಗೆಳೆಯನಿದ್ದಾನೆ. ಅವನ ಅಭಿರುಚಿಯ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ. ದಿನಕ್ಕೆ ನಾಲ್ಕು ಲಿಂಕ್ ಕಳಿಸುತ್ತಿದ್ದ, ನಾನು ಒಂದನ್ನೂ ತೆರೆಯುತ್ತಿರಲಿಲ್ಲ. 'ಸೂಪರ್' ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಅವನೂ ನಾನು ಕಳಿಸಿದ್ದಕ್ಕೆ ಹಾಗೇ ಮಾಡುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಒಂದು ದಿನ ಲಿಂಕಿನ ಕೆಳಗೆ ಒಂದು ಸಾಲು ಬರೆದಿದ್ದ: "ಎರಡು ನಿಮಿಷ ನಲವತ್ತು ಸೆಕೆಂಡಿಗೆ ಬೇಸ್ ಗಿಟಾರ್ ಸುಮ್ಮನಾಗುತ್ತೆ. ಅದು ವಾಪಸ್ ಬರೋವರೆಗೂ ಉಸಿರು ಹಿಡ್ಕೊಂಡಿರು ನೋಡೋಣ." ಇದೇನಪ್ಪಾ ಅಂತ ತೆರೆದೆ. ಎರಡು ನಲವತ್ತು ಯಾವಾಗ ದಾಟಿತೋ ತಿಳಿಯಲಿಲ್ಲ. ಬೇಸ್ ಯಾವುದು ಎಂದೇ ನನಗೆ ಗೊತ್ತಾಗಿರಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಇಯರ್‌ಫೋನ್ ಹಾಕಿಕೊಂಡು ಮೂರನೇ ಸಲ. ಆಗ ಕೇಳಿಸಿತು, ಕೇಳಿಸಿತು ಅನ್ನುವುದಕ್ಕಿಂತ, ಕಾಲಡಿಯ ನೆಲ ಒಂದು ಕ್ಷಣ ಜಾರಿದ ಹಾಗಾಯಿತು. ಹನ್ನೊಂದು ಸೆಕೆಂಡ್. ಬೇಸ್ ವಾಪಸ್ ಬಂದಾಗ ನಾನು ನಿಜವಾಗಿಯೂ ಉಸಿರು ಬಿಟ್ಟೆ. ಆ ಹಾಡು ಈಗ ನನ್ನದು. ಅದೇ ಹಾಡು ಸೋಮವಾರದ ಪಟ್ಟಿಯಲ್ಲಿ ಬಂದಿದ್ದರೆ ಹಳದಿ ಕುರ್ಚಿಯಾಗಿ ಹೋಗುತ್ತಿತ್ತು.

ಅಂದಿನಿಂದ ನಾವಿಬ್ಬರೂ ಬರಿಯ ಲಿಂಕ್ ಕಳಿಸುವುದನ್ನು ನಿಲ್ಲಿಸಿದ್ದೇವೆ. ಒಂದು ಸಾಲು ಬರೆಯದಿದ್ದರೆ ಎದುರಿನವನು ತೆರೆಯಬೇಕಾಗಿಲ್ಲ ಎಂಬುದು ಒಪ್ಪಂದ. 'ಅದ್ಭುತ', 'ಕೇಳಲೇಬೇಕು' ಇಂಥವು ನಡೆಯುವುದಿಲ್ಲ. ಎಲ್ಲಿ, ಎಷ್ಟನೇ ಸೆಕೆಂಡಿಗೆ, ಏನು ಅಂತ ಹೇಳಬೇಕು. ಲಿಂಕ್‌ಗಳು ದಿನಕ್ಕೆ ನಾಲ್ಕರಿಂದ ತಿಂಗಳಿಗೆ ಎರಡಕ್ಕೆ ಇಳಿದಿವೆ. ಯಾಕೆಂದರೆ ಒಂದು ಸಾಲು ಬರೆಯಬೇಕಾದರೆ ಕಳಿಸುವವನೂ ಅದನ್ನು ಎರಡು ಸಲ ಕೇಳಲೇಬೇಕು.

ಗೆಳೆಯರಿಲ್ಲದಿದ್ದರೆ? ಹೆಸರುಗಳ ಬಾಲ ಹಿಡಿಯಿರಿ. ನಾವು ಹಾಡಿನ ಮುಂದೆ ನಿಂತವರ ಹೆಸರಷ್ಟೇ ನೋಡುತ್ತೇವೆ. ಹಿಂದೆ ಕೂತವರನ್ನು ನೋಡಿ. 2007ರಲ್ಲಿ ಲಂಡನ್ನಿನ ಡೇಮನ್ ಆಲ್ಬಾರ್ನ್, 'ಬ್ಲರ್', 'ಗೊರಿಲ್ಲಾಜ್' ತಂಡಗಳವರು, ಬೇರೆ ಗೆಳೆಯರನ್ನು ಸೇರಿಸಿಕೊಂಡು ಒಂದು ಆಲ್ಬಮ್ ಮಾಡಿದರು. ಅದರ ಡ್ರಮ್ಸ್ ವಿಚಿತ್ರವಾಗಿದೆ. ಹೊಡೆಯುವುದಕ್ಕಿಂತ ಹೆಚ್ಚಾಗಿ ಗೊಣಗುತ್ತದೆ. ಯಾರು ನುಡಿಸಿದ್ದು ಎಂದು ನೋಡಿದರೆ ಟೋನಿ ಅಲೆನ್. ಯಾರಪ್ಪಾ ಇವರು? ನೈಜೀರಿಯಾದ ಫೆಲಾ ಕುಟಿ ಅವರ ತಂಡದ ಡ್ರಮ್ಮರ್, ಆಫ್ರೋಬೀಟ್ ಎಂಬ ಶೈಲಿ ಕಟ್ಟಿದ ಇಬ್ಬರಲ್ಲಿ ಒಬ್ಬರು. ಎಪ್ಪತ್ತರ ದಶಕದ ಫೆಲಾ ಆಲ್ಬಮ್‌ಗಳಿಗೆ ಹೋದರೆ, ಒಂದು ಬದಿಗೆ ಒಂದೇ ಹಾಡು, ಹತ್ತು ಹದಿನೈದು ನಿಮಿಷ. ಹಾಡುಗಾರ ಬಾಯಿ ತೆರೆಯುವುದೇ ಎಷ್ಟೋ ಹೊತ್ತಿನ ಮೇಲೆ. ಐದು ಸೆಕೆಂಡಿನ ತೀರ್ಪು ಇಲ್ಲಿ ನಡೆಯುವುದಿಲ್ಲ. ಈ ಟೋನಿ ಅಲೆನ್ ಡ್ರಮ್ಸ್ ಕಲಿತದ್ದು ಹೇಗೆ? ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್ ಎಂಬ ಅಮೆರಿಕದ ಜಾಝ್ ಡ್ರಮ್ಮರುಗಳ ರೆಕಾರ್ಡ್ ಕೇಳಿ. ಮತ್ತೆ ಅಲ್ಲಿಗೆ ಹೋಗಿ. ಲಂಡನ್, ಲೇಗೋಸ್, ನ್ಯೂಯಾರ್ಕ್, ಮೂರು ಊರು, ಅರ್ಧ ಶತಮಾನ, ಒಂದೇ ಮಣಿಕಟ್ಟು. ಯಂತ್ರ ಫೆಲಾ ಕುಟಿಯನ್ನು ಎಂದೋ ತೋರಿಸಿತ್ತು, ನಾನು ಹಾರಿಸಿದ್ದೆ. ಟೋನಿ ಅಲೆನ್ನರನ್ನು ಹುಡುಕಿಕೊಂಡು ಹೋದಾಗ ಹಾರಿಸುವ ಪ್ರಶ್ನೆಯೇ ಬರಲಿಲ್ಲ.

ಈ ಕೆಲಸಕ್ಕೆ ಇಂಟರ್‌ನೆಟ್‌ನಷ್ಟು ಒಳ್ಳೆಯ ಸಾಧನ ಹಿಂದೆಂದೂ ಇರಲಿಲ್ಲ. 2000ರಲ್ಲಿ ಶುರುವಾದ ರೆಕಾರ್ಡುಗಳ ಮಾಹಿತಿ ತಾಣ ಡಿಸ್ಕಾಗ್ಸ್‌ನಲ್ಲಿ ಯಾವ ರೆಕಾರ್ಡಿನಲ್ಲಿ ಯಾರು ಏನು ನುಡಿಸಿದರು ಎಂಬುದನ್ನು ಜನರೇ ತುಂಬಿಸಿಟ್ಟಿದ್ದಾರೆ. ಅರವತ್ತರ ದಶಕದಲ್ಲಿ ಅಮೆರಿಕದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಾಡುಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ ಹೆಸರು ಆಗಿನ ರೆಕಾರ್ಡುಗಳ ಮೇಲೆ ಇರಲೇ ಇಲ್ಲ. 1971ರ, ಹಾಡುಗಾರ ಮಾರ್ವಿನ್ ಗೇ ಅವರ ಆಲ್ಬಮ್ಮಿನಲ್ಲಿ ಮೊದಲ ಸಲ ಅಚ್ಚಾಯಿತು. ಈಗ ಆ ಹೆಸರು ಒತ್ತಿದರೆ ಅವರ ಇಡೀ ಜೀವಮಾನದ ದುಡಿಮೆ ಕಣ್ಣ ಮುಂದೆ. ಬ್ಯಾಂಡ್‌ಕ್ಯಾಂಪ್‌ ಎಂಬ ಸಂಗೀತ ಮಾರುವ ತಾಣದಲ್ಲಿ ಒಂದು ಆಲ್ಬಮ್ ಕೊಂಡ ಬೇರೆಯವರು ಮತ್ತೇನು ಕೊಂಡಿದ್ದಾರೆ ಅಂತ ಅವರ ಸಂಗ್ರಹವನ್ನೇ ನೋಡಬಹುದು. ಇನ್ನೊಬ್ಬರ ಮನೆಯ ಕಪಾಟು ನೋಡಿದಂತೆ. ರೇಡಿಯೋ ಗಾರ್ಡನ್ ಎಂಬುದು ಭೂಗೋಳ ತಿರುಗಿಸಿ ಬೆರಳಿಟ್ಟ ಊರಿನ ರೇಡಿಯೋ ಕೇಳಿಸುತ್ತದೆ. ಭಾಷೆ ಅರ್ಥವಾಗದಿದ್ದರೂ, ಹಾಡು ಮುಗಿದ ಮೇಲೆ ಅದನ್ನು ಹಾಕಿದವರ ದನಿಯಲ್ಲಿನ ಖುಷಿ ಅರ್ಥವಾಗುತ್ತದೆ.

ಈಗ ಮೊದಲು ಕೇಳಿಸಿದ್ದಕ್ಕೆ ಬರುತ್ತೇನೆ.

ಬ್ರಯಾನ್ ಶಿಮ್ಕೋವಿಟ್ಜ್ ಎಂಬ ಅಮೆರಿಕದ ಯುವಕ ಘಾನಾಕ್ಕೆ ಓದಲು ಹೋಗಿ, ರಸ್ತೆಬದಿಯಲ್ಲಿ ಮಾರುತ್ತಿದ್ದ ಕ್ಯಾಸೆಟ್‌ಗಳ ಮೋಹಕ್ಕೆ ಬಿದ್ದ. ಊರಿಗೆ ಮರಳಿ 2006ರಿಂದ ಅವನ್ನು ಇಂಟರ್‌ನೆಟ್‌ಗೆ ಏರಿಸತೊಡಗಿದ. ಮೊದಲು ಹಾಕಿದ್ದು ಅಟಾ ಕಾಕ್ ಎಂಬ ಹಾಡುಗಾರನ ಕ್ಯಾಸೆಟ್. ಜನ ಹುಚ್ಚೆದ್ದು ಕೇಳಿದರು, ಹಾಡಿದವನು ಮಾತ್ರ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅವನನ್ನು ಪತ್ತೆ ಮಾಡಲು ಶಿಮ್ಕೋವಿಟ್ಜ್‌ಗೆ ವರ್ಷಗಳೇ ಹಿಡಿದವು. ಸಿಕ್ಕಿದ ಮೇಲೆ ಆತನ ಬಳಿಯಿದ್ದ ಮೂಲ ಟೇಪ್ ನೋಡಿದರೆ ಅದು ಹಾಳಾಗಿತ್ತು. ಕೊನೆಗೆ ರಸ್ತೆಬದಿಯಲ್ಲಿ ಕೊಂಡ ಆ ಕ್ಯಾಸೆಟ್ಟಿನಿಂದಲೇ 2015ರಲ್ಲಿ ಆಲ್ಬಮ್ ಮತ್ತೆ ಹೊರಬಂತು.

ಇದರ ನಡುವೆ ಆತ ಇಥಿಯೋಪಿಯಾದ ಬಹಿರ್ ದಾರ್ ಎಂಬ ಊರಿನಲ್ಲಿ ಇನ್ನೊಂದು ಕ್ಯಾಸೆಟ್ ಕೊಂಡಿದ್ದ. ಹೈಲು ಮೆರ್ಗಿಯಾ ಎಂಬವರದು, 1985ರದ್ದು. ಎಪ್ಪತ್ತರ ದಶಕದಲ್ಲಿ ಅಡಿಸ್ ಅಬಾಬಾದ ಹೆಸರಾಂತ 'ವಾಲಿಯಾಸ್' ತಂಡದ ಕೀಬೋರ್ಡ್ ವಾದಕರು ಅವರು. ಎಂಬತ್ತರ ದಶಕದ ಆರಂಭದಲ್ಲಿ ತಂಡ ಅಮೆರಿಕ ಪ್ರವಾಸಕ್ಕೆ ಹೋದಾಗ ಅಲ್ಲೇ ಉಳಿದುಕೊಂಡರು. ಹುಡುಗನಾಗಿದ್ದಾಗ ಕಲಿತಿದ್ದ ಅಕಾರ್ಡಿಯನ್ ಕೈಗೆತ್ತಿಕೊಂಡು, ಜೊತೆಗೆ ಎಲೆಕ್ಟ್ರಿಕ್ ಪಿಯಾನೋ, ಸಿಂಥಸೈಸರ್, ಡ್ರಮ್ ಮಷೀನ್ ಇಟ್ಟುಕೊಂಡು, ಎಲ್ಲವನ್ನೂ ಒಬ್ಬರೇ ನುಡಿಸಿ ಈ ಆಲ್ಬಮ್ ಮಾಡಿದರು. ತಮ್ಮ ನಾಡಿನ ಹಳೆಯ ಧಾಟಿಗಳನ್ನೇ ಹೊಸ ಯಂತ್ರಗಳ ಮೇಲೆ ಕೂರಿಸಿದರು. ಆಮೇಲೆ ವೇದಿಕೆ ಬಿಟ್ಟರು. ವಾಷಿಂಗ್ಟನ್ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಕಾರಿನ ಡಿಕ್ಕಿಯಲ್ಲಿ ಬ್ಯಾಟರಿಯಿಂದ ನಡೆಯುವ ಒಂದು ಕೀಬೋರ್ಡ್. ಪ್ರಯಾಣಿಕರಿಗಾಗಿ ಸರದಿಯಲ್ಲಿ ಕಾಯುವಾಗ ಅದನ್ನು ತೆಗೆದು ಹಿಂದಿನ ಸೀಟಿನಲ್ಲಿ ಕೂತು ನುಡಿಸುತ್ತಿದ್ದರು. ಶಿಮ್ಕೋವಿಟ್ಜ್ ಇಂಟರ್‌ನೆಟ್‌ನಲ್ಲಿ ಹೆಸರು ಹುಡುಕಿ ಫೋನ್ ಮಾಡಿದ. 2013ರಲ್ಲಿ ಆಲ್ಬಮ್ ಮತ್ತೆ ಬಂತು, ಮೆರ್ಗಿಯಾ ಮತ್ತೆ ವೇದಿಕೆ ಏರಿದರು, 2018ರಲ್ಲಿ ಹೊಸ ಆಲ್ಬಮ್ ಕೂಡ ತಂದರು.

ನೀವು ಆಗಲೇ ಕೇಳಿದ್ದು ಆ ಕ್ಯಾಸೆಟ್ಟಿನ ಒಂದು ತುಣುಕು.

ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯ ಇಟ್ಟಿದ್ದರು. ಎರಡು ಪ್ರಶ್ನೆ ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬ ತರುಣಿ ಕೇಳಿದರು: "ಕಥೆ ಗೊತ್ತಾದ ಮೇಲೆ ಇಷ್ಟವಾಗುವುದು ಮೋಸ ಅಲ್ಲವೇ ಸರ್? ಸಂಗೀತ ತನ್ನಷ್ಟಕ್ಕೇ ನಿಲ್ಲಬೇಡವೇ?" ಒಳ್ಳೆಯ ಪ್ರಶ್ನೆ, ನನಗೂ ಕಾಡುತ್ತದೆ. ಕಥೆ ನಿಮ್ಮನ್ನು ಬಾಗಿಲವರೆಗೆ ತರುತ್ತದೆ ಅಷ್ಟೇ. ಟ್ಯಾಕ್ಸಿಯ ಕಥೆ ಕೇಳಿ ಒಂದು ಸಲ ಹಾಕಬಹುದು, ಎರಡು ಸಲ ಹಾಕಬಹುದು. ನುಡಿಸಿದ್ದರಲ್ಲಿ ಹುರುಳಿಲ್ಲದಿದ್ದರೆ ಹತ್ತನೇ ಸಲಕ್ಕೆ ಯಾವ ಕಥೆಯೂ ಕೈಹಿಡಿಯುವುದಿಲ್ಲ. ಕಥೆ ಚೆನ್ನಾಗಿದ್ದು ಸಂಗೀತ ಸಪ್ಪೆಯಾಗಿದ್ದ ಎಷ್ಟೋ ಆಲ್ಬಮ್‌ಗಳನ್ನು ನಾನೇ ಮೂಲೆಗೆ ಹಾಕಿದ್ದೇನೆ.

ಇನ್ನೊಬ್ಬರು ಎಐ ಹಾಡುಗಳ ಬಗ್ಗೆ ಕೇಳಿದರು. ಡೀಝರ್ ಎಂಬ ಸ್ಟ್ರೀಮಿಂಗ್ ಕಂಪನಿ 2025ರ ಏಪ್ರಿಲ್‌ನಲ್ಲಿ, ತಮಗೆ ದಿನಾ ಬರುತ್ತಿರುವ ಹೊಸ ಹಾಡುಗಳಲ್ಲಿ 18% ಪೂರ್ತಿ ಎಐ ತಯಾರಿಸಿದ್ದು, ದಿನಕ್ಕೆ 20 ಸಾವಿರಕ್ಕೂ ಹೆಚ್ಚು ಎಂದು ಹೇಳಿತ್ತು. ಅವು ಕೆಟ್ಟದಾಗಿರುತ್ತವೆ ಎಂಬುದು ನನ್ನ ಆಕ್ಷೇಪವಲ್ಲ, ಕೆಲವು ಚೆನ್ನಾಗಿಯೇ ಇವೆ. ಆದರೆ ಬಾಲ ಹಿಡಿದು ಹೋಗಲು ಅಲ್ಲಿ ಡ್ರಮ್ಮರ್ ಇಲ್ಲ. ಹೆಸರು ಒತ್ತಿದರೆ ಮುಂದೆ ಗೋಡೆ.

ಕಾರ್ಯಕ್ರಮ ಮುಗಿಸಲು ಎಂಟು ನಿಮಿಷ ಇದೆ ಎಂದು ಆಯೋಜಕರು ಚೀಟಿ ಕಳಿಸಿದರು. ವಂದನಾರ್ಪಣೆಗೆ ಎರಡು ನಿಮಿಷ ಸಾಕು ಎಂದೆ. ಮೆರ್ಗಿಯಾ ಅವರದನ್ನು ಮೊದಲಿನಿಂದ ಹಾಕಿದೆ, ಈ ಸಲ ಪೂರ್ತಿ. ಡ್ರಮ್ ಮಷೀನಿನ ಟಿಕ್ ಟಿಕ್ ಶುರುವಾಗುವ ಮೊದಲು ಒಂದೇ ಮಾತು ಹೇಳಿದೆ: ಅಕಾರ್ಡಿಯನ್ ಒಂದು ಸಾಲು ಮುಗಿಸಿ ಗಾಳಿ ತುಂಬಿಕೊಳ್ಳುತ್ತದಲ್ಲ, ಆ ಜಾಗದಲ್ಲಿ ಎಡಗೈ ಕಡೆಯ ಪಿಯಾನೋ ಏನು ಮಾಡುತ್ತದೆ ಕೇಳಿ, ಎರಡೂ ನುಡಿಸಿದ್ದು ಒಬ್ಬರೇ.

(ಸಂಗೀತ.)